ಬೆಳ್ಳಿಯ ಹೊಟ್ಟೆಗೆ ಹೋದ ಮಾತ್ರೆ

ವಿಜಯನಗರದಲ್ಲಿ ನಾವು ಮನೆ ಕಟ್ಟಿಸಿದ್ದು ಎಪ್ಪತ್ತೆಂಟರಲ್ಲಿ. ಆಗ ಆ ಕಡೆ ಗೃಹಪ್ರವೇಶವೆಂದರೆ ಜನ ಮೊದಲು ವಿಚಾರಿಸುತ್ತಿದ್ದುದು ಅಡುಗೆಯವರು ಯಾರೆಂದಲ್ಲ, ಹಸು ಯಾರದೆಂದು. ಅದಕ್ಕೆ ಕಾರಣವಿತ್ತು. ಹೊಸ ಮನೆಗಳಿಗೆಲ್ಲ ಮೊಸಾಯಿಕ್ ನೆಲ ಹಾಕಿಸುವ ಗೀಳು ಹತ್ತಿಕೊಂಡಿದ್ದ ಕಾಲ. ಮಣ್ಣು, ಸಗಣಿ, ಕಲ್ಲುಚಪ್ಪಡಿ ತುಳಿದು ಬೆಳೆದ ಹಸುಗಳಿಗೆ ಆ ಹೊಳೆಯುವ ನೆಲ ನಿಂತ ನೀರಿನ ಹಾಗೆ ಕಾಣುತ್ತಿತ್ತೋ ಏನೋ, ಹೊಸ್ತಿಲವರೆಗೆ ಬಂದು, ಮೂತಿ ಚಾಚಿ ಮೂಸಿ, ಬುಸ್ಸೆಂದು ಹಿಂದಕ್ಕೆ ಜಗ್ಗುತ್ತಿದ್ದವು. ಎದುರು ಸಾಲಿನ ಶಿವಬಸಪ್ಪನವರ ಮನೆಯಲ್ಲಿ ಹೀಗೇ ಆಗಿ, ರೇಷ್ಮೆ ಪಂಚೆ ಉಟ್ಟ ಅಳಿಯಂದಿರಿಬ್ಬರು ಹಸುವಿನ ಹಿಂಭಾಗಕ್ಕೆ ಹೆಗಲು ಕೊಟ್ಟು ತಳ್ಳಬೇಕಾಯಿತು. ಹಾಗೆ ತಳ್ಳಿಸಿಕೊಂಡ ಹಸು ಏನು ಮಾಡುತ್ತದೋ ಅದನ್ನೇ ಮಾಡಿತು. ಆ ಪಂಚೆಗಳು ಆಮೇಲೆ ಒಗೆತಕ್ಕೆ ಬಗ್ಗಲಿಲ್ಲವೆಂದು ಬೀದಿಯ ಹೆಂಗಸರು ಬಹಳ ದಿನ ಮಾತಾಡಿಕೊಂಡರು.

ಮಾರೇನಹಳ್ಳಿಯ ಪಾಪಮ್ಮನ ಬೆಳ್ಳಿ ಮಾತ್ರ ಹಾಗೆ ಮಾಡುತ್ತಿರಲಿಲ್ಲ. ಬಿಳಿ ಮೈ, ಕಿವಿಯ ತುದಿ ಕಪ್ಪು, ನಿಧಾನದ ನಡಿಗೆ. ಮೆಟ್ಟಿಲು ಹತ್ತಿ, ಹೊಸ್ತಿಲು ದಾಟಿ, ಮೊಸಾಯಿಕ್ಕಿನ ಮೇಲೆ ಯಜಮಾನಿಯ ಹಾಗೆ ನಡೆದು, ದೇವರ ಮನೆಯ ಮುಂದೆ ನಿಂತು ಸುತ್ತ ನೋಡುತ್ತಿದ್ದಳು. ಹಿಂದೆ ಅವಳ ಕರು. ನನ್ನ ಹೆಂಡತಿ ನೀಲಗಂಗಮ್ಮ ಪಾಯ ತೋಡಿಸುವ ದಿನವೇ ಹೇಳಿದ್ದಳು. "ರೀ, ಮನೆ ಹೆಂಗಾದ್ರೂ ಕಟ್ಟಿಸ್ರಿ. ಹಸು ಮಾತ್ರ ಬೆಳ್ಳಿ."

ನಾನು ಪಶುವೈದ್ಯ ಕಾಲೇಜಿನಲ್ಲಿ ಔಷಧಶಾಸ್ತ್ರದ ಮೇಷ್ಟರು. ಬೀದಿಯವರ ಲೆಕ್ಕದಲ್ಲಿ ದನದ ಡಾಕ್ಟರು. ನಿಜ ಹೇಳಬೇಕೆಂದರೆ ನಾನು ದನವನ್ನು ಪೂರ್ತಿಯಾಗಿ ನೋಡಿ ಎಷ್ಟೋ ಕಾಲವಾಗಿತ್ತು. ನನ್ನ ಮೇಜಿಗೆ ಅವು ಗಾಜಿನ ಕೊಳವೆಯಲ್ಲಿ ರಕ್ತವಾಗಿ ಬರುತ್ತಿದ್ದವು. ನೋವು ಮತ್ತು ಬಾವು ಇಳಿಸುವ ಮಾತ್ರೆಯನ್ನು ಹಸುವಿನ ಬಾಯಿಗೆ ಹಾಕಿದರೆ ಅದು ರಕ್ತಕ್ಕೆ ಇಳಿಯಲು ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದು ನನ್ನ ಸಂಶೋಧನೆಯ ವಿಷಯ. ಮನುಷ್ಯ ನುಂಗಿದ ಮಾತ್ರೆ ಕಾಫಿ ಆರುವುದರೊಳಗೆ ಕೆಲಸ ಶುರು ಮಾಡುತ್ತದೆ. ಹಸುವಿನದು ಹಾಗಲ್ಲ. ಅದರ ಮೊದಲ ಹೊಟ್ಟೆಯೇ ಒಂದು ದೊಡ್ಡ ತೊಟ್ಟಿ. ಅಲ್ಲಿ ಹುಲ್ಲು ನೆನೆಯುತ್ತ, ಹುದುಗೇಳುತ್ತ, ಹೊರಳುತ್ತ ಇರುತ್ತದೆ. ಮಾತ್ರೆಯೂ ಆ ಹುಲ್ಲಿನ ಜೊತೆ ಹೊರಳಬೇಕು, ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಸಾಗಬೇಕು. ಇದರ ಮೇಲೆ ನಾನು ದಪ್ಪನೆಯ ಪ್ರಬಂಧ ಬರೆಯುತ್ತಿದ್ದೆ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಮಾತು. ನೀಲಗಂಗಮ್ಮ ಒಮ್ಮೆ, "ನಿಮ್ ಮಾತ್ರೆ ಇಳಿಯೋ ಹೊತ್ತಿಗೆ ಸಾರು ಆರೋಯ್ತು" ಎಂದಿದ್ದಳು.

ನಮ್ಮ ಗೃಹಪ್ರವೇಶಕ್ಕೆ ಸಿಕ್ಕಿದ್ದು ಆಷಾಢಕ್ಕೆ ಮುಂಚಿನ ಕೊನೆಯ ಶುಕ್ರವಾರ. ಆ ವಾರದ ಸೋಮವಾರ ಸಂಜೆ ವೀಳ್ಯ ಹಿಡಿದುಕೊಂಡು ಪಾಪಮ್ಮನ ಮನೆಗೆ ಹೋದೆ. ಮಾರೇನಹಳ್ಳಿಯ ಹಳೆಯ ಸಾಲಿನಲ್ಲಿ ಹೆಂಚಿನ ಮನೆ, ಪಕ್ಕದಲ್ಲಿ ಸೋಗೆಯ ಕೊಟ್ಟಿಗೆ. ಜಗಲಿಯ ಮೇಲೆ ಕೂತು ಅವರೆಕಾಳು ಕೇರುತ್ತಿದ್ದ ಪಾಪಮ್ಮ ಎದ್ದು ಸೆರಗು ಹೊದ್ದಳು.

"ಸುಕ್ರವಾರ ಅಲ್ವ ಸ್ವಾಮಿ? ಬತ್ತಾಳೆ ಬಿಡಿ. ನಿಮ್ಮನೆ ಎದ್ದಿರೋದು ನಮ್ಮ ಹುರುಳಿ ಹೊಲದಾಗೇ ತಾನೆ. ದಾರಿ ಅವಳಿಗೆ ಗೊತ್ತು."

ಆ ಮಾತಿನಲ್ಲಿ ಕುಟುಕು ಇದೆಯೋ ಎಂದು ಹುಡುಕಿದೆ. ಸಿಗಲಿಲ್ಲ. ಸಿಗದೆ ಇದ್ದುದೇ ಸ್ವಲ್ಪ ಕಷ್ಟವಾಯಿತು. ಮಾತು ಬದಲಿಸಲು ಕೊಟ್ಟಿಗೆಯ ಕಡೆ ತಿರುಗಿದೆ. ಬೆಳ್ಳಿ ಮುಂದಿನ ಎಡಗಾಲನ್ನು ಊರಿದ ಹಾಗೆ ಮಾಡಿ ಎತ್ತಿ, ಮತ್ತೆ ಊರಿ, ಮತ್ತೆ ಎತ್ತುತ್ತ ನಿಂತಿದ್ದಳು.

"ಕಾಲಿಗೇನಾಯ್ತು?"

ಉತ್ತರ ಕೊಟ್ಟವನು ಪಾಪಮ್ಮನ ಮಗ ಮುನಿರಾಜು. ರಾಜಾಜಿನಗರದ ಕಾರ್ಖಾನೆಯಿಂದ ಆಗತಾನೆ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸುತ್ತಿದ್ದ.

"ಕುಂಟ್ತಾ ಇದಾಳೆ ಸಾರ್. ನೀವು ಡಾಕ್ಟ್ರು, ನಮ್ಮಮ್ಮನಿಗೆ ನೀವಾದ್ರೂ ಬುದ್ಧಿ ಹೇಳಿ. ಹಾಲಾ, ಬತ್ತೋಗಿದೆ. ಇರೋದು ಕರುಗೇ ಸಾಲ್ದು. ಈ ಕೊಟ್ಟಿಗೆ ಕಿತ್ತಾಕಿ ಎರಡು ರೂಮು ಎತ್ತಿದ್ರೆ ನಮ್ ಫ್ಯಾಕ್ಟ್ರಿ ಹುಡುಗ್ರು ನಾಳೇನೇ ಬಾಡಿಗೆಗೆ ಬರ್ತಾರೆ. ಗೃಹಪ್ರವೇಶಕ್ಕೆ ಕರೀತಾರಲ್ಲ, ಹೋಗ್ಲಿ ಇರ್ಲಿ ಅಂತ ಸುಮ್ನಿದ್ದೆ. ನಾಕ್ ಜನದ ಮುಂದೆ ಒಂದ್ಸಲ ಕುಂಟಿದ್ರೆ ಇನ್ಯಾರು ಕರೀತಾರೆ ಹೇಳಿ. ಕುಂಟೋ ಹಸುನ ಹೊಸಾ ಮನೆ ಒಳಗೆ ಬಿಟ್ಕೊಳ್ಳೋರು ಯಾರಾದ್ರೂ ಇದಾರಾ?"

"ನಿನ್ನ ಮದುವೆ ಆಗಿದ್ದು ಇವಳ ಹಾಲಲ್ಲಿ ಕಣೋ" ಎಂದಳು ಪಾಪಮ್ಮ.

"ಅದೇನೋ ಸರಿ. ಈಗ ಇವಳಿಗೆ ಹುಲ್ಲು ಹಾಕ್ತಿರೋದು ನನ್ ಸಂಬ್ಳ." ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನೋಡಿ ಸಾರ್, ಅಮ್ಮಂಗೂ ನಂಗೂ ಮಾತಾಗಿದೆ. ನಿಮ್ಮನೇದು ಈ ಸಲದ ಕೊನೇದು. ಸರಿಯಾಗಿ ಹತ್ತಿ ಒಳಗೆ ಹೋದ್ಲಾ, ಇರ್ತಾಳೆ. ಕುಂಟಿದ್ಲಾ, ಅವತ್ತು ಸಾಯಂಕಾಲ ದಲ್ಲಾಳಿ ಬರ್ತಾನೆ. ಹೇಳಿಟ್ಟಿದೀನಿ."

ಬತ್ತಿದ ಕುಂಟು ಹಸುವನ್ನು ದಲ್ಲಾಳಿ ಎಲ್ಲಿಗೆ ಹೊಡೆದುಕೊಂಡು ಹೋಗುತ್ತಾನೆ ಎಂದು ಅಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಪಾಪಮ್ಮ ಹೋಗಿ ಬೆಳ್ಳಿಯ ಕಿವಿಯಲ್ಲಿ ಉಣ್ಣೆ ಹುಳ ಹುಡುಕತೊಡಗಿದಳು. ಕಿವಿಯಲ್ಲಿ ಉಣ್ಣೆಯೇನೂ ಇರಲಿಲ್ಲ.

ಆ ಹೊತ್ತಿನಲ್ಲಿ ನಾನು ಸುಮ್ಮನಿರಬಹುದಿತ್ತು. ಆದರೆ ಇದು ನನ್ನ ವಿಷಯ. ಇಂಥ ದಿನಕ್ಕಾಗಿಯೇ ಓದಿದವನ ಹಾಗೆ ಅಂಗಿಯ ತೋಳು ಮಡಿಸಿ, ಬೆಳ್ಳಿಯ ಕಾಲೆತ್ತಿ ನೋಡಿದೆ. ಗೊರಸು ಬಿಸಿಯಾಗಿತ್ತು. ಗಾಯ ಕಾಣಲಿಲ್ಲ. ಆಗ ನಮ್ಮ ಬಡಾವಣೆಯ ಬೀದಿಗಳ ತುಂಬ ಮನೆ ಕಟ್ಟುವವರ ಜಲ್ಲಿ ಚೆಲ್ಲಾಡಿತ್ತು.

"ಜಲ್ಲಿ ಒತ್ತಿದೆ. ಒಳಗೆ ಬಾವು ಬಂದಿದೆ. ಮಾತ್ರೆಗೆ ಇಳಿಯುತ್ತೆ" ಎಂದೆ.

"ಸೂಜಿ ಹಾಕ್ಬುಡಿ ಸ್ವಾಮಿ, ಬಿರ್ರನೆ ಇಳೀತದೆ" ಎಂದಳು ಪಾಪಮ್ಮ.

ಸೂಜಿ ಬೇಡವೆನ್ನಲು ನನ್ನ ಬಳಿ ಒಳ್ಳೆಯ ಕಾರಣವೇ ಇತ್ತು. ಸೂಜಿ ಚುಚ್ಚಿದವನನ್ನು ಹಸು ಮರೆಯುವುದಿಲ್ಲ. ಶುಕ್ರವಾರ ಬೆಳಿಗ್ಗೆ ಹೊಸ್ತಿಲಲ್ಲಿ ಕೈ ಮುಗಿದು ನಿಂತಿರುವವನು ನಾನೇ. ನನ್ನನ್ನು ನೋಡಿ ಅವಳು ತಿರುಗಿ ಓಡಿದರೆ ಕಾಲು ವಾಸಿಯಾಗಿಯೂ ಪ್ರಯೋಜನವಿಲ್ಲ. ಹೇಳದೆ ಉಳಿಸಿಕೊಂಡ ಕಾರಣ ಇನ್ನೊಂದಿತ್ತು. ನಮ್ಮಲ್ಲಿ ಸೂಜಿ ಹಾಕುತ್ತಿದ್ದವರು ಸಹಾಯಕರು. ಹಸುವಿನ ಕುತ್ತಿಗೆಯ ರಕ್ತನಾಳ ನನ್ನ ಕೈಗೆ ಸಿಕ್ಕಿ ಬಹಳ ವರ್ಷಗಳಾಗಿದ್ದವು.

ಹೀಗಾಗಿ ಜಗಲಿಯ ಮೇಲೆ ಕೂತು ಇಬ್ಬರಿಗೂ ಪಾಠ ಹೇಳಿದೆ. ದೊಡ್ಡ ಹೊಟ್ಟೆಯ ವಿಷಯ, ಮಾತ್ರೆ ಅದರಲ್ಲಿ ಹೊರಳುವ ವಿಷಯ, ರಕ್ತದಲ್ಲಿ ಮದ್ದು ನಿಧಾನವಾಗಿ ಏರಿ ಒಂದು ತುದಿ ಮುಟ್ಟುವ ವಿಷಯ. ಮುಹೂರ್ತದಿಂದ ಹಿಂದಕ್ಕೆ ಎಣಿಸಿ ಗುರುವಾರ ಸಂಜೆ ಮಾತ್ರೆ ಕೊಟ್ಟರೆ ಶುಕ್ರವಾರ ಬೆಳಿಗ್ಗೆ ಅಯ್ಯನವರು ಮಂತ್ರ ಶುರು ಮಾಡುವ ಹೊತ್ತಿಗೆ ಮದ್ದು ತುದಿಯಲ್ಲಿರುತ್ತದೆ ಎಂದೆ. ಅವರೆ ಸಿಪ್ಪೆಯ ಮೇಲೆ ಬೆರಳಿನಿಂದ ಗೆರೆ ಎಳೆದು ಆ ಏರುವಿಕೆಯನ್ನೂ ತೋರಿಸಿದೆ.

"ಅಂದ್ರೆ, ಇವತ್ತು ಏಟು ಬಿದ್ರೆ ನೋವು ನಾಳೆ ಹೋಗ್ತದೆ" ಎಂದ ಮುನಿರಾಜು.

"ಹಾಗಲ್ಲ..."

"ಬುಡಿ ಸಾರ್. ನಮ್ ಫ್ಯಾಕ್ಟ್ರೀಲಿ ಅರ್ಜಿ ಕೊಟ್ರೂ ಹಿಂಗೇ."

ಗುರುವಾರ ಸಂಜೆ ಮಾತ್ರೆಗಳನ್ನು ಅರೆದು ನೀರಿಗೆ ಕದಡಿಕೊಂಡು ಹೋದೆ. ಪಾಪಮ್ಮ ದನಕ್ಕೆ ಮದ್ದು ಕುಡಿಸುವ ಬಿದಿರಿನ ಗೊಟ್ಟ ತೊಳೆದು ಇಟ್ಟಿದ್ದಳು. ತಿಪಟೂರಿನಾಚೆಯ ನಮ್ಮ ಊರಿನಲ್ಲಿ ಚಿಕ್ಕಂದಿನಲ್ಲಿ ನಾನೇ ಎತ್ತುಗಳಿಗೆ ಗೊಟ್ಟ ಎತ್ತಿದವನು. ಆ ಧೈರ್ಯದಿಂದ ಬೆಳ್ಳಿಯ ತಲೆಯನ್ನು ಕಂಕುಳಲ್ಲಿ ಅವುಚಿ ಗೊಟ್ಟವನ್ನು ಬಾಯಿಯ ಪಕ್ಕಕ್ಕೆ ತೂರಿಸಿದೆ. ಅವಳು ಒಮ್ಮೆ ತಲೆ ಕೊಡವಿದಳು. ಅರ್ಧ ಮದ್ದು ನನ್ನ ಅಂಗಿಯ ಒಳಗೆ ಇಳಿದು ಹೊಟ್ಟೆಯ ಮೇಲಿಂದ ಪಂಚೆಗೆ ಹೋಯಿತು.

"ಸಾರ್, ಇದು ಯಾವ ಹೊಟ್ಟೆ ಲೆಕ್ಕಕ್ಕೆ ಬರ್ತದೆ?" ಎಂದ ಮುನಿರಾಜು.

ಹಾಗಾದೀತೆಂದು ಹೆಚ್ಚಿಗೆ ತಂದಿದ್ದೆ. ಎರಡನೆಯ ಸಲ ಮುನಿರಾಜುವೇ ತಲೆ ಹಿಡಿದುಕೊಂಡ, ಬೆಳ್ಳಿ ನುಂಗಿದಳು. ಈ ಮದ್ದು ಹಾಲಿಗೂ ಬರುವುದರಿಂದ ನಾಲ್ಕಾರು ದಿನ ಹಾಲನ್ನು ಯಾರಿಗೂ ಕೊಡಬಾರದೆಂದೆ. ಕರುವನ್ನೂ ಬೇರೆ ಕಟ್ಟಿ ಅದಕ್ಕೆ ಬೇರೆ ಮನೆಯ ಹಾಲು ಕುಡಿಸಬೇಕೆಂದೆ. ಪಾಪಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ನಾನು ಹೊರಟಾಗ ಬೀದಿಯ ತನಕ ಬಂದು, "ನಡೀತಾಳಲ್ವ ಸ್ವಾಮಿ?" ಎಂದು ಕೇಳಿದಳು. ಆ ದನಿಗೆ ನಾನು ಹೆದರಬೇಕಿತ್ತು.

"ಗಂಟೆ ಹೊಡೆದ ಹಾಗೆ" ಎಂದೆ.

ಶುಕ್ರವಾರ ಬೆಳಿಗ್ಗೆ ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಹಿತ್ತಲಲ್ಲಿ ಅಡುಗೆಯವರು ಹೊಗೆ ಎಬ್ಬಿಸಿದ್ದರು. ತಿಪಟೂರು, ಅರಸೀಕೆರೆಗಳಿಂದ ಬಂದ ನೆಂಟರು ಮೊಸಾಯಿಕ್ಕಿನ ಮೇಲೆ ಹುಷಾರಾಗಿ ಕಾಲಿಡುತ್ತ ಓಡಾಡುತ್ತಿದ್ದರು. ಅಯ್ಯನವರು ಗುರುಸಿದ್ದಯ್ಯ ಹೊಸ್ತಿಲ ಪಕ್ಕ ಕಳಸ ಹೂಡಿ ಕೂತಿದ್ದರು. ನಾನು ರೇಷ್ಮೆ ಪಂಚೆಯಲ್ಲಿ ಗೇಟಿನ ಬಳಿ ನಿಂತಿದ್ದೆ. ಕೈಯಲ್ಲಿ ಗಡಿಯಾರ, ಮನಸ್ಸಿನಲ್ಲಿ ನನ್ನ ಗೆರೆ. ಈ ಹೊತ್ತಿಗೆ ಮದ್ದು ಇಲ್ಲಿರಬೇಕು, ಈ ಹೊತ್ತಿಗೆ ಇಲ್ಲಿ.

ಬೀದಿಯ ತಿರುವಿನಲ್ಲಿ ಬೆಳ್ಳಿ ಕಾಣಿಸಿಕೊಂಡಳು. ಕೊಂಬಿಗೆ ಅರಿಸಿನ, ಹಣೆಗೆ ಕುಂಕುಮ, ಕೊರಳಿಗೆ ಸೇವಂತಿಗೆ. ಪಾಪಮ್ಮ ಹಗ್ಗ ಹಿಡಿದಿದ್ದಳು. ಹಿಂದೆ ಕರುವಿನ ಜೊತೆ ಮುನಿರಾಜು. ಬೆಳ್ಳಿ ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಈಗ ಒಂದು ಕಾಲಲ್ಲ, ಮುಂದಿನ ಎರಡೂ ಕಾಲುಗಳನ್ನು ಕೆಂಡದ ಮೇಲೆ ಇಟ್ಟ ಹಾಗೆ ಇಡುತ್ತಿದ್ದಳು. ಗೇಟಿನ ತನಕ ಬಂದು ನಿಂತಳು, ಬೆನ್ನು ಬಾಗಿತ್ತು. ಪಾಪಮ್ಮ ನನ್ನ ಮುಖ ನೋಡಿದಳು. ನಾನು ಗಡಿಯಾರ ನೋಡಿದೆ, ಏಕೆಂದರೆ ನೋಡಲು ಬೇರೆ ಏನೂ ಇರಲಿಲ್ಲ.

"ಇನ್ನೊಂದ್ ಸ್ವಲ್ಪ ಹೊತ್ತು" ಎಂದೆ.

"ಡಾಕ್ಟ್ರೇ, ಮುಹೂರ್ತ" ಎಂದು ಒಳಗಿನಿಂದ ಗುರುಸಿದ್ದಯ್ಯನವರ ದನಿ ಬಂತು.

ನೀಲಗಂಗಮ್ಮ ಆರತಿ ತಟ್ಟೆ ಹಿಡಿದುಕೊಂಡೇ ಗೇಟಿಗೆ ಬಂದಳು. ಬೆಳ್ಳಿಯನ್ನು ನೋಡಿ, ನನ್ನನ್ನು ಕೇಳಲಿಲ್ಲ, ಪಾಪಮ್ಮನನ್ನು ಕೇಳಿದಳು. "ಏನ್ ತಿಂದವ್ಳೆ ಪಾಪಮ್ಮಾ? ಮೆಲುಕೇ ಹಾಕ್ತಿಲ್ವಲ್ಲ."

ಪಾಪಮ್ಮನಿಗೆ ಅಳು ಬಂದುಬಿಟ್ಟಿತು. "ನೆನ್ನೆ ರಾತ್ರಿ ಸಿಹಿ ಅನ್ನ ಇಟ್ಟೆ ಕಣವ್ವ. ಅತ್ತಿಗುಪ್ಪೆ ಮನೆಯೋರು ಒಂದು ಕುಕ್ಕೆ ಅಕ್ಕಿ, ಬೆಲ್ಲ ಕೊಟ್ಟಿದ್ರು, ಅದನ್ನೇ ಬೇಯಿಸ್ದೆ. ಬೆಳಿಗ್ಗೆ ಬ್ಯಾರೆ ನಡೀಬೇಕಲ್ಲ, ಶಕ್ತಿ ಬರ್ಲಿ ಅಂತ."

ಅತ್ತಿಗುಪ್ಪೆಯ ಮನೆಯಲ್ಲಿ ಗೃಹಪ್ರವೇಶ ಆಗಿದ್ದು ಭಾನುವಾರ, ನಾನು ಕಾಲು ನೋಡಿದ ಹಿಂದಿನ ದಿನ. ಅದಕ್ಕೆ ಹಿಂದೆ ಇನ್ನೊಂದು ಮನೆ, ಅದಕ್ಕೆ ಹಿಂದೆ ಮತ್ತೊಂದು. ಯುಗಾದಿಯಿಂದ ಈಚೆಗೆ ಬೆಳ್ಳಿ ಕಾಲಿಟ್ಟ ಪ್ರತಿ ಹೊಸ ಮನೆಯಲ್ಲಿ ಮನೆಯೊಡತಿ ಭಕ್ತಿಯಿಂದ ಅವಳ ಬಾಯಿಗೆ ಬೆಲ್ಲ, ಬಾಳೆಹಣ್ಣು, ಅನ್ನ, ಹೋಳಿಗೆ ತುರುಕಿದ್ದಳು. ಯಾರೂ ಕೆಟ್ಟದ್ದನ್ನು ಬಯಸಿದವರಲ್ಲ. ಹುಲ್ಲಿಗೆಂದು ಇರುವ ಹೊಟ್ಟೆಗೆ ಸಿಹಿ ಮತ್ತು ಅನ್ನ ಬಿದ್ದರೆ ಅದು ಹುಳಿಯಾಗುತ್ತದೆ, ಹುಳಿಯಾದ ಹೊಟ್ಟೆ ಗೊರಸಿನ ಒಳಗೆ ಉರಿ ಎಬ್ಬಿಸುತ್ತದೆ. ಇದನ್ನು ನಾನೇ ಎರಡನೆಯ ವರ್ಷದ ಹುಡುಗರಿಗೆ ಪಾಠ ಮಾಡಿದ್ದೆ. ಜಲ್ಲಿ ಒತ್ತಿರಲಿಲ್ಲ. ಬೆಳ್ಳಿ ಕುಂಟುತ್ತಿದ್ದುದು ನಮ್ಮೆಲ್ಲರ ಶುಭಕಾರ್ಯಗಳಿಂದ.

ಹೋಗಿ ಅವಳ ಎಡ ಪಕ್ಕೆಯ ಕುಳಿಗೆ ಮುಷ್ಟಿ ಒತ್ತಿ ನಿಂತೆ. ಆರೋಗ್ಯದ ಹಸುವಿನಲ್ಲಿ ಆ ಜಾಗದಲ್ಲಿ ಹೊಟ್ಟೆ ಆಗಾಗ ಎದ್ದು ಮುಷ್ಟಿಯನ್ನು ಹೊರಕ್ಕೆ ನೂಕುತ್ತದೆ. ಕಾದೆ. ಏನೂ ನೂಕಲಿಲ್ಲ. ತೊಟ್ಟಿ ನಿಂತುಬಿಟ್ಟಿತ್ತು. ಹೊರಳದ ತೊಟ್ಟಿಯೊಳಗೆ ನನ್ನ ಮಾತ್ರೆ ಪುಡಿ ಎಲ್ಲೋ ಅನ್ನದ ಮುದ್ದೆಗೆ ಅಂಟಿಕೊಂಡು ಕೂತಿತ್ತು. ಈ ಹೊಟ್ಟೆಯ ಮೇಲೆ ದಪ್ಪ ಪ್ರಬಂಧ ಬರೆಯುತ್ತಿದ್ದವನು ಸೋಮವಾರ ಕಾಲೆತ್ತಿ ನೋಡಿದ್ದನೇ ಹೊರತು ಹೊಟ್ಟೆಯ ಮೇಲೆ ಕೈ ಇಟ್ಟಿರಲಿಲ್ಲ. ನನ್ನ ಪ್ರಯೋಗದ ಹಸುಗಳೆಲ್ಲ ತೂಕ ಹಾಕಿದ ಒಣಹುಲ್ಲು ತಿನ್ನುವಂಥವು. ಯಾರೂ ಅವುಗಳನ್ನು ಗೃಹಪ್ರವೇಶಕ್ಕೆ ಕರೆದಿರಲಿಲ್ಲ.

"ಅಡುಗೆ ಸೋಡಾ ಎಲ್ಲಿದೆ?" ಎಂದೆ ನೀಲಗಂಗಮ್ಮನನ್ನು.

"ಬೋಂಡಕ್ಕೆ ತರಿಸಿದ್ದು ಇದೆ. ಯಾಕೆ?"

"ಎಲ್ಲಾ ಕೊಡು."

ಆಮೇಲೆ ನಡೆದದ್ದನ್ನು ನಮ್ಮ ನೆಂಟರು ಇಂದಿಗೂ ಹೇಳಿಕೊಂಡು ನಗುತ್ತಾರೆ. ಒಳಗೆ ಗುರುಸಿದ್ದಯ್ಯನವರು ಮಂತ್ರ ಹೇಳುತ್ತಿದ್ದಾರೆ. ಮನೆಯ ಯಜಮಾನ ಬೀದಿಯಲ್ಲಿ ಹಸುವಿನ ತಲೆ ಅವುಚಿಕೊಂಡು, ಬೋಂಡದ ಸೋಡಾ ನೀರನ್ನು ಗೊಟ್ಟದಲ್ಲಿ ಎತ್ತುತ್ತಿದ್ದಾನೆ. ಅಡುಗೆಯವನು ಸೌಟು ಹಿಡಿದು ಗೇಟಿನ ಬಳಿ ನಿಂತು, "ಸ್ವಾಮಿ, ಸೋಡಾ ಇಲ್ದೆ ಬೋಂಡ ಕಲ್ಲಾಗ್ತದೆ, ಆಮೇಲೆ ನನ್ನನ್ನ ಬಯ್ಯಬೇಡಿ" ಎಂದು ಎಚ್ಚರಿಸುತ್ತಿದ್ದಾನೆ.

ಸೋಡಾ ಕುಡಿದ ಬೆಳ್ಳಿ ಗೇಟಿನೊಳಗೆ ಬಂದಳು. ಅವಳು ಮೆಟ್ಟಿಲ ಕಡೆ ತಿರುಗದೆ, ಕಾಂಪೌಂಡಿನ ಮೂಲೆಯಲ್ಲಿ ಗಾರೆ ಕೆಲಸದವರು ಬಿಟ್ಟುಹೋಗಿದ್ದ ಮರಳಿನ ಗುಡ್ಡೆಗೆ ಹೋಗಿ, ಮಂಡಿಯೂರಿ ಮಲಗಿಬಿಟ್ಟಳು. ಉರಿಯುವ ಗೊರಸಿಗೆ ತಣ್ಣನೆಯ ಮರಳಿಗಿಂತ ಒಳ್ಳೆಯ ಜಾಗ ಆ ಬಡಾವಣೆಯಲ್ಲಿ ಇರಲಿಲ್ಲ. ಅದನ್ನೂ ನಾನು ಹೇಳಲಿಲ್ಲ, ಅವಳೇ ಕಂಡುಕೊಂಡಳು.

ನೆಂಟರಲ್ಲಿ ಗುಸುಗುಸು ಎದ್ದಿತು. ಗುರುಸಿದ್ದಯ್ಯನವರು ಹೊರಗೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಬಹಳ ಮನೆ ಕಂಡವರು. "ತಾಯಿ ಅಂಗಳಕ್ಕೆ ಬಂದಳಲ್ಲ, ಅಷ್ಟು ಸಾಕು. ಮಗಳು ಒಳಗೆ ಬರಲಿ" ಎಂದರು.

ಮಗಳನ್ನು ಒಳಗೆ ಬಿಟ್ಟೆವು. ಕರು ಮೊಸಾಯಿಕ್ಕಿನ ಮೇಲೆ ನಾಲ್ಕು ಕಾಲುಗಳನ್ನೂ ನಾಲ್ಕು ದಿಕ್ಕಿಗೆ ಬಿಟ್ಟು ಜಾರಿ, ಎದ್ದು, ನಡುಮನೆ ದಾಟಿ ಅಡುಗೆಮನೆಗೆ ನುಗ್ಗಿ ಹಿತ್ತಲ ಬಾಗಿಲಿನಿಂದ ಹೊರಬಿತ್ತು. ಶಿವಬಸಪ್ಪನವರು ಅಂಗಳದಲ್ಲಿ ನಿಂತು, "ನಮ್ಮನೇಲಿ ಹಸು ಒಳಗಾದ್ರೂ ಬಂತಪ್ಪ" ಎಂದರು. ಅವರು ಆ ಮಾತಿಗೆ ಎಷ್ಟು ತಿಂಗಳು ಕಾದಿದ್ದರೋ.

ಮುನಿರಾಜು ಗೇಟಿನ ಕಂಬಕ್ಕೆ ಒರಗಿ ಎಲ್ಲವನ್ನೂ ನೋಡಿದ. ಊಟಕ್ಕೆ ಕರೆದರೆ ಬರಲಿಲ್ಲ. "ಸಾಯಂಕಾಲ ಬರ್ತೀನಿ ಸಾರ್" ಎಂದು ಮಾತ್ರ ಹೇಳಿ ಹೋದ. ಪಾಪಮ್ಮ ಮರಳಿನ ಗುಡ್ಡೆಯ ಪಕ್ಕ ಕೂತಳು. ಎಲೆ ಹಾಕಿದರೂ ಏಳಲಿಲ್ಲ.

ಮಧ್ಯಾಹ್ನವೆಲ್ಲ ನಾನು ನೆಂಟರಿಗೆ ಕಲ್ಲಿನಂಥ ಬೋಂಡ ಬಡಿಸುವುದು, ನಡುನಡುವೆ ಹೊರಗೆ ಬಂದು ಬೆಳ್ಳಿಗೆ ಸೋಡಾ ನೀರು ಕುಡಿಸಿ ಪಕ್ಕೆಗೆ ಮುಷ್ಟಿ ಒತ್ತುವುದು. ಹೀಗೇ ಮಾಡಿದೆ. ಊಟ ಮುಗಿದು, ತಾಂಬೂಲ ಮುಗಿದು, ಪಾತ್ರೆಯವರು ಹೊರಡುವ ಹೊತ್ತಿಗೆ ಮುಷ್ಟಿಯ ಕೆಳಗೆ ಏನೋ ಎದ್ದು ಹೊರಳಿ ಇಳಿಯಿತು. ಬೆಳ್ಳಿ ದೊಡ್ಡದಾಗಿ ತೇಗಿದಳು. ಆ ತೇಗಿನ ಹುಳಿ ವಾಸನೆ ನನ್ನ ಮುಖಕ್ಕೇ ಹೊಡೆಯಿತು. ನನಗೆ ಮಾತ್ರ ಗಂಧದ ಹಾಗಿತ್ತು.

"ಪಾಪಮ್ಮ, ಹೊಟ್ಟೆ ಹೊರಳ್ತು" ಎಂದೆ.

"ನಂದೂ" ಎಂದಳು ಅವಳು. "ಒಂದೆರಡು ತುತ್ತು ಏನಾರ ಇದ್ರೆ ಕೊಡಿ."

ದೀಪ ಹಚ್ಚುವ ಹೊತ್ತಾಯಿತು. ನೀಲಗಂಗಮ್ಮ ಬಾಗಿಲಲ್ಲಿ ನೀರು ಚಿಮುಕಿಸುತ್ತಿದ್ದಳು. ನಾನು ನಡುಮನೆಯಲ್ಲಿ ಚಾಪೆ ಸುತ್ತುತ್ತಿದ್ದೆ. ಹೊರಗೆ ಮರಳು ಸರಿದ ಸದ್ದಾಯಿತು. ಎದ್ದು ನಿಂತ ಬೆಳ್ಳಿ ಮೈ ಕೊಡವಿದಳು. ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ಯಾರೂ ಕರೆಯಲಿಲ್ಲ, ಯಾರೂ ಹಗ್ಗ ಹಿಡಿಯಲಿಲ್ಲ. ಮೆಟ್ಟಿಲು ಹತ್ತಿ, ಹೊಸ್ತಿಲು ದಾಟಿ, ಮೊಸಾಯಿಕ್ಕಿನ ಮೇಲೆ ಒಂದಿಷ್ಟೂ ಕುಂಟದೆ ನಡೆದು ಬಂದು, ದೇವರ ಮನೆಯ ಮುಂದೆ ನಿಂತು ಸುತ್ತ ನೋಡಿದಳು. ಅವಳನ್ನು ಎದುರುಗೊಂಡವನು ಸುತ್ತಿದ ಚಾಪೆ ಹಿಡಿದ ನಾನೊಬ್ಬನೇ. ನನ್ನ ಮದ್ದು ಕೊನೆಗೂ ತುದಿ ಮುಟ್ಟಿತ್ತು.

ನೀಲಗಂಗಮ್ಮ ಚೊಂಬು ಕೆಳಗಿಟ್ಟು ಕೈ ಮುಗಿದಳು. "ಗೋಧೂಳಿ ಹೊತ್ತಿಗೆ ತಾನಾಗೇ ಬಂದವಳೆ. ಇನ್ಯಾವ ಮುಹೂರ್ತ ಬೇಕ್ರೀ?"

ಆಗಲೇ ಮುನಿರಾಜು ಬಂದ. ಜೊತೆಗೆ ತಲೆಗೆ ಟವೆಲು ಸುತ್ತಿದ ದಲ್ಲಾಳಿ. ಇಬ್ಬರೂ ಬಾಗಿಲಲ್ಲಿ ನಿಂತು ನೋಡಿದರು. ಪಾಪಮ್ಮ ಬೆಳ್ಳಿಯನ್ನು ಹಿಡಿದು ನಡುಮನೆಯಲ್ಲಿ ಒಂದು ಸುತ್ತು ನಡೆಸಿ ತೋರಿಸಿದಳು. ಸೊಗಸಾದ ನಡಿಗೆ. ಮುನಿರಾಜು ತಲೆ ಕೆರೆದುಕೊಂಡ.

"ಏನಣ್ಣ, ಕುಂಟು ಅಂದಿದ್ದೆ" ಎಂದ ದಲ್ಲಾಳಿ.

"ಬೆಳಿಗ್ಗೆ ಕುಂಟ್ತಿದ್ಲು. ಈಗ ನೀನೇ ನೋಡ್ತಾ ಇದೀಯಲ್ಲ. ಹೋಗು ಗುರು, ಬೇಕಾದ್ರೆ ಹೇಳಿ ಕಳಿಸ್ತೀನಿ." ದಲ್ಲಾಳಿ ಹೋದ ಮೇಲೆ ಮುನಿರಾಜು ನನ್ನ ಕಡೆ ತಿರುಗಿದ. "ಗೆದ್ರಿ ಸಾರ್. ನಾಳೆ ಆರ್‌ಪಿಸಿ ಲೇಔಟಲ್ಲಿ ಒಬ್ರದ್ದು ಸತ್ಯನಾರಾಯಣ ಪೂಜೆ ಇದೆ, ಹಸು ಪೂಜೆನೂ ಮಾಡ್ಬೇಕಂತೆ. ಬೆಳ್ಳಿ ಬರಲ್ಲ ಅಂತ ಹೇಳ್ಬಿಟ್ಟಿದ್ದೆ. ಈಗ ಹೋಗಿ ಬರ್ತಾಳೆ ಅಂತ ಹೇಳ್ತೀನಿ."

ಪಾಪಮ್ಮನ ಮುಖ ಅರಳಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆ ದಿನದಲ್ಲಿ ಸರಿಯಾಗಿ ನಡೆದ ಒಂದೇ ಒಂದು ಸಂಗತಿ ಹಾಗೇ ಉಳಿಯುತ್ತಿತ್ತು. ಆದರೆ ನಾಳೆ ಆ ಮನೆಯಲ್ಲೂ ಸಿಹಿ ಅನ್ನ, ಮತ್ತೆ ಟಾರು ರಸ್ತೆ. ನೋವು ಗೊತ್ತಾಗದ ಕಾಲಿನ ಮೇಲೆ ಅವಳು ಪೂರ್ತಿ ಭಾರ ಹಾಕಿ ನಡೆದರೆ ಗೊರಸೇ ಕಳಚಿಕೊಳ್ಳಬಹುದು. ಹೇಳಿದರೆ ಮುನಿರಾಜು ದಲ್ಲಾಳಿಯನ್ನು ಕೂಗಿ ವಾಪಸ್ ಕರೆಯಬಹುದು, ಅವನಿನ್ನೂ ಬೀದಿಯ ತುದಿ ಮುಟ್ಟಿರಲಿಲ್ಲ.

"ಮುನಿರಾಜು, ವಾಸಿಯಾಗಿಲ್ಲ" ಎಂದೆ. "ಈಗ ನಡೀತಿರೋದು ಹಸು ಅಲ್ಲ, ಮಾತ್ರೆ. ನಾಳಿದ್ದಿಗೆ ಅದು ಇಳಿಯುತ್ತೆ. ಒಳಗೆ ಬಾವು ಹಾಗೇ ಇದೆ. ಕಮ್ಮಿ ಅಂದ್ರೂ ಒಂದು ತಿಂಗಳು ಒಣಹುಲ್ಲು, ಮೆತ್ತಗಿನ ನೆಲ. ಅನ್ನ, ಬೆಲ್ಲ ಮೂಸೋಕೂ ಬಿಡಬಾರದು."

ಪಾಪಮ್ಮ ನನ್ನನ್ನು ನೋಡಿದ ನೋಟ ಬೆಳಗಿನದಕ್ಕಿಂತ ಕೆಟ್ಟದಾಗಿತ್ತು.

ಮುನಿರಾಜು ಹೊಸ್ತಿಲ ಮೇಲೆಯೇ ಕೂತುಬಿಟ್ಟ. "ಅಲ್ಲ ಸಾರ್, ಬೇಕಾದಾಗ ನಿಮ್ ಮದ್ದು ಕೆಲ್ಸ ಮಾಡ್ಲಿಲ್ಲ. ಮಾಡಿದ ಮೇಲೆ ಅದನ್ನ ನಂಬಬೇಡ ಅಂತೀರಿ. ಇದನ್ನೇನಾ ನೀವು ಪುಸ್ತಕದಲ್ಲಿ ಬರೀತಿರೋದು?"

"ಹೆಚ್ಚುಕಮ್ಮಿ" ಎಂದೆ.

ಅವನಿಗೆ ನಗು ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಅವನ ನಗು ನಿಲ್ಲುವುದಕ್ಕೆ ನೀಲಗಂಗಮ್ಮ ಕಾದಳು, ಆಮೇಲೆ ಹೇಳಿದಳು. "ಮುನಿರಾಜು, ನಾಳಿದ್ದರಿಂದ ಆಷಾಢ. ಯಾರೂ ಕರೆಯಲ್ಲ. ಆ ಮರಳು ನಮಗೆ ಬೇಡ. ಒಂದು ತಿಂಗಳು ಇಲ್ಲೇ ಬಿಡು. ಶ್ರಾವಣದ ಮೊದಲನೇ ಮನೆಗೆ ಮಾತ್ರೆ ಇಲ್ಲದೆ ನಡೆದ್ರೆ ನಿಮ್ಮಮ್ಮನ ಮಾತು ಗೆದ್ದಂಗೆ. ನಡೀಲಿಲ್ಲ ಅಂದ್ರೆ ನಿನ್ನಿಷ್ಟ. ನಾವ್ಯಾರೂ ಅಡ್ಡ ಬರಲ್ಲ."

ಮುನಿರಾಜು ಎದ್ದು ಹೊರಟ, ಕತ್ತಲಾದ ಮೇಲೆ ಸೈಕಲ್ಲಿನ ಮೇಲೆ ರಾಗಿ ಹುಲ್ಲಿನ ಹೊರೆ ತಂದುಹಾಕಿ ಹೋದ.

ಹೀಗೆ ಹೊಸ ಮನೆಯಲ್ಲಿ ನಮ್ಮ ಮೊದಲ ತಿಂಗಳು ಹಸುವಿನ ಸೇವೆಯಲ್ಲಿ ಕಳೆಯಿತು. ಬೆಳಿಗ್ಗೆ ಪಾಪಮ್ಮ ಬರುತ್ತಿದ್ದಳು, ಸಂಜೆ ನಾನು. 'ಡಾ. ಗಂಗಾಧರಯ್ಯ' ಎಂದು ಹಿತ್ತಾಳೆಯಲ್ಲಿ ಬರೆಸಿದ ಗೇಟಿನ ಹಿಂದೆ ನಾನು ಸಗಣಿ ಬಾಚುವುದನ್ನು ಬೀದಿಯವರು ನಿಂತು ನೋಡಿ ಹೋಗುತ್ತಿದ್ದರು. ಶಿವಬಸಪ್ಪನವರು ಒಂದು ದಿನ, "ಇದೂ ರಿಸರ್ಚಾ?" ಎಂದರು. ಹೌದೆಂದೆ. ಮದ್ದು ಇಳಿದ ಮೇಲೆ ಬೆಳ್ಳಿ ಮತ್ತೆ ಕುಂಟಿದಳು. ಆಮೇಲೆ ಕಡಿಮೆ ಕುಂಟಿದಳು. ಆಷಾಢದ ಗಾಳಿಗೆ ತೋರಣದ ಒಣ ಎಲೆಗಳು ಉದುರಿಹೋದವು. ಕುಂಟು ನಿಂತಿತೋ, ನಾನು ಹಾಗೆ ಅಂದುಕೊಳ್ಳುತ್ತಿದ್ದೇನೋ, ನನಗೇ ನಂಬಿಕೆ ಬರದೆ ದಿನವೂ ಟಾರು ರಸ್ತೆಗೆ ಬಿಟ್ಟು ನೋಡುತ್ತಿದ್ದೆ.

ಶ್ರಾವಣದ ಮೊದಲ ಮನೆ ಸಿಕ್ಕಿದ್ದು ಆರ್‌ಪಿಸಿ ಲೇಔಟಿನ ಬಸವಲಿಂಗಪ್ಪನವರದು. ತುಂತುರು ಬೀಳುತ್ತಿತ್ತು. ಈ ಸಲ ಹಗ್ಗ ಹಿಡಿದವನು ಮುನಿರಾಜು, ಕರುವಿನ ಜೊತೆ ಪಾಪಮ್ಮ. ಬೆಳ್ಳಿಯ ಬಾಯಿಯ ಪಕ್ಕ ಕಾವಲಿಗೆ ನಾನು. ಗೇಟು ದಾಟಿದಳು. ಮೆಟ್ಟಿಲಿಗೆ ಮುಂಗಾಲಿಟ್ಟಾಗ ಪಾಪಮ್ಮ ಕಣ್ಣು ಮುಚ್ಚಿಕೊಂಡಳು, ಮುನಿರಾಜು ಮಾತ್ರ ಕಣ್ಣು ಕೀಳದೆ ಆ ಗೊರಸನ್ನೇ ನೋಡುತ್ತಿದ್ದ. ಬೆಳ್ಳಿ ಭಾರ ಹಾಕಿದಳು, ಹತ್ತಿದಳು, ಒಳಗೆ ನಡೆದಳು. ಮಾತ್ರೆಯ ನಡಿಗೆಯಲ್ಲ.

ಬಸವಲಿಂಗಪ್ಪನವರ ಅತ್ತೆ ದೊಡ್ಡ ಬೆಳ್ಳಿ ತಟ್ಟೆಯಲ್ಲಿ ಸಿಹಿ ಅನ್ನದ ಮೇಲೆ ಎರಡು ಹೋಳಿಗೆ ಇಟ್ಟುಕೊಂಡು ಬಂದರು. ನಾನು ಅಡ್ಡ ನಿಂತೆ.

"ಕೊಡಬೇಡಿ ಅಮ್ಮಾ, ಹಸುಗೆ ಆಗಲ್ಲ."

"ಗೋವಿಗೆ ಅಂತ ತೆಗೆದದ್ದು ವಾಪಸ್ ಒಳಗೆ ಒಯ್ಯೋಕೆ ಆಗುತ್ತೇನ್ರೀ? ಶುಭದ ದಿನ. ಯಾರು ನೀವು?"

"ಡಾಕ್ಟ್ರು ಅವ್ವ, ಹಸು ಕಡೆಯೋರು" ಎಂದ ಮುನಿರಾಜು.

"ಹಸು ಕಡೆಯೋರಾದ್ರೆ ನೀವೇ ತಿನ್ರಿ ಮತ್ತೆ" ಎಂದು ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ತಿನ್ನುವುದನ್ನು ನೋಡುತ್ತ ಎದುರಿಗೇ ನಿಂತರು. ಬೆಳ್ಳಿ ಕುತ್ತಿಗೆ ಚಾಚಿದಳು. ನಾನು ಅವಳಿಗೆ ಬೆನ್ನು ತಿರುಗಿಸಿ ಒಂದೊಂದೇ ತುತ್ತು ನುಂಗಿದೆ. ಎರಡನೆಯ ಹೋಳಿಗೆಗೆ ಬರುವ ಹೊತ್ತಿಗೆ ಗಂಟಲು ಕಟ್ಟಿತು.

"ನಿಧಾನಕ್ಕೆ ಸಾರ್, ಅವಸರ ಇಲ್ಲ" ಎಂದ ಮುನಿರಾಜು. ಬೆಳ್ಳಿಯ ಬೆನ್ನಿನ ಮೇಲಿನ ಹನಿಗಳನ್ನು ಟವೆಲಿನಿಂದ ಒರೆಸುತ್ತಿದ್ದ. "ಅಮ್ಮಾ, ಒಬ್ಬ ಮೇಸ್ತ್ರಿನ ಕೇಳಿದೆ. ಕೊಟ್ಟಿಗೆ ಕೆಳಗೆ ಹಾಗೇ ಬಿಟ್ಟು, ಕಂಬ ಎತ್ತಿ ಮೇಲೆ ರೂಮು ಹಾಕ್ಬೋದಂತೆ."

ಪಾಪಮ್ಮ ನನ್ನ ಕಡೆ ತಿರುಗಿ, ಮುಂದಿನ ಸೋಮವಾರ ಅತ್ತಿಗುಪ್ಪೆಯಲ್ಲಿ ಇನ್ನೊಂದು ಮನೆ ಇದೆ, ಅವರು ಪಾಯಸ ಮಾಡಿಸುತ್ತಾರೆ, ಬೆಳಿಗ್ಗೆ ಏನೂ ತಿನ್ನದೆ ಬನ್ನಿ ಸ್ವಾಮಿ, ಎಂದಳು.